ಒಎನ್‌ಟಿ ತೆಗೆದು ನಮ್ಮದೇ ರೂಟರ್ ಹಾಕಬಹುದೇ?

ಜಗಲಿಮನೆ, ಹೊಸನಗರ
100 ಎಂಬಿಪಿಎಸ್ ಫೈಬರ್ ಇದೆ. ಒಎನ್‌ಟಿ (ಫೈಬರ್ ಬಂದು ಸೇರುವ ಕಂಪನಿಯ ಪೆಟ್ಟಿಗೆ) ಇರುವುದು ಜಗಲಿಯಲ್ಲಿ. ಮನೆ ಜಂಬಿಟ್ಟಿಗೆಯದು, ಎರಡು ಗೋಡೆ ದಾಟಿದರೆ ವೈಫೈ ಇಲ್ಲ. ಅಂಗಳದಾಚೆ ಅಡಿಕೆ ಸುಲಿಯುವ ಕೊಟ್ಟಿಗೆಗಂತೂ ಮುಟ್ಟುವುದೇ ಇಲ್ಲ. ಡ್ಯುಯಲ್ ಬ್ಯಾಂಡ್ ರೂಟರ್ ತಂದಾಗಿದೆ, ಆದರೆ ಫೈಬರ್ ಸಿಕ್ಕಿಸಲು ಅದರಲ್ಲಿ ಜಾಗವೇ ಇಲ್ಲ. ಒಎನ್‌ಟಿ ತೆಗೆದುಬಿಡಬಹುದೇ? ಲ್ಯಾಂಡ್‌ಲೈನ್ ಫೋನೂ ಅದರಲ್ಲೇ ಇದೆ.

ತುಂಗಾತೀರ
ತೆಗೆಯುವ ಹಾಗಿಲ್ಲ ಮಾರಾಯ್ರೆ. ಫೈಬರಿನ ಬೆಳಕನ್ನು ಈಥರ್ನೆಟ್ ಮಾಡುವುದು ಅದೇ. ಸಾಮಾನ್ಯವಾಗಿ ಅದರ ಸೀರಿಯಲ್ ನಂಬರ್ ಕಂಪನಿಯ ಕಡೆ ನೋಂದಣಿಯಾಗಿರುತ್ತದೆ. ಅದನ್ನಿಟ್ಟುಕೊಂಡೇ ರೂಟರ್ ಹಾಕಬೇಕು. ಒಎನ್‌ಟಿಯನ್ನು ಬ್ರಿಜ್ ಮೋಡ್‌ಗೆ (ತಾನು ಲಾಗಿನ್ ಆಗದೆ ಸಂಪರ್ಕವನ್ನು ಹಾಗೇ ದಾಟಿಸುವುದು) ಹಾಕಿ, ಪಿಪಿಪಿಒಇ ಲಾಗಿನ್ (ಕಂಪನಿ ಕೊಟ್ಟ ಹೆಸರು, ಪಾಸ್‌ವರ್ಡ್‌ನಿಂದ ಇಂಟರ್ನೆಟ್‌ಗೆ ಸೇರುವುದು) ರೂಟರ್‌ನಲ್ಲಿ ಮಾಡಿಸುವುದು ಒಂದು ದಾರಿ.

ಮೊದಲು ಕಂಪನಿಯಿಂದ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಐಡಿ (ಒಂದೇ ಫೈಬರಿನಲ್ಲಿ ಇಂಟರ್ನೆಟ್, ಫೋನ್ ಬೇರೆಬೇರೆ ಇಡುವ ಸಂಖ್ಯೆ) ಬರೆದುಕೊಳ್ಳಿ. ಬ್ರೌಸರ್‌ನಲ್ಲಿ ಒಎನ್‌ಟಿಯ ಸೆಟ್ಟಿಂಗ್ ತೆರೆದು ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆಯ) ಪುಟದ ಫೋಟೋ ತೆಗೆದಿಡಿ. ಅಲ್ಲಿ ಇಂಟರ್ನೆಟ್ ಅಂತ ಇರುವುದನ್ನು ಮಾತ್ರ ಬ್ರಿಜ್ ಮಾಡಿ, ವಿಲ್ಯಾನ್ ಐಡಿ ಹಾಗೇ ಇರಲಿ, ಲ್ಯಾನ್ 1ಕ್ಕೆ (ಮನೆಯೊಳಗಿನ ಕಡೆಯ ಮೊದಲ ಪೋರ್ಟ್) ಜೋಡಿಸಿ. ವಾಯ್ಸ್ ಅಂತ ಇರುವ ಸಾಲನ್ನು ಅಳಿಸಿದರೆ ಫೋನ್ ಸತ್ತಿತು ಅಂತಲೇ ಲೆಕ್ಕ. ಆಮೇಲೆ ಲ್ಯಾನ್ 1ರಿಂದ ರೂಟರ್‌ನ ವ್ಯಾನ್ ಪೋರ್ಟ್‌ಗೆ ಕೇಬಲ್, ರೂಟರ್‌ನಲ್ಲಿ ಪಿಪಿಪಿಒಇ, ಎಂಟಿಯು (ಒಂದು ಸಲಕ್ಕೆ ಹೋಗುವ ಡೇಟಾ ತುಂಡಿನ ಗರಿಷ್ಠ ಬೈಟ್) 1492. ಲಾಗಿನ್ ಆಗದಿದ್ದರೆ ಹಳೆಯ ಸೆಷನ್ ಇನ್ನೂ ಬಿಟ್ಟಿರಲಿಕ್ಕಿಲ್ಲ. ಎರಡನ್ನೂ ಹದಿನೈದು ನಿಮಿಷ ಆರಿಸಿಡಿ. ಆಗಲೂ ಆಗದಿದ್ದರೆ ಕಂಪನಿಯವರಿಗೆ ಹೇಳಿ ಮ್ಯಾಕ್ ಬೈಂಡಿಂಗ್ (ಹಳೆಯ ಪೆಟ್ಟಿಗೆಯ ಗುರುತಿಗೇ ಲಾಗಿನ್ ಕಟ್ಟಿಟ್ಟಿರುವುದು) ಬಿಡಿಸಬೇಕು.

ಕೊಡಚಾದ್ರಿ_ನೆಟ್
ಅವರ ತೊಂದರೆ ಗೋಡೆಯದು. ಅದಕ್ಕೆ ಬ್ರಿಜ್ ಯಾಕೆ? ಒಎನ್‌ಟಿ ಇದ್ದ ಹಾಗೇ ಇರಲಿ. ಜಗಲಿಯಿಂದ ನಡುಮನೆಗೆ ಒಂದು ಕ್ಯಾಟ್ 6 (ನೆಟ್‌ವರ್ಕ್ ಕೇಬಲ್) ಎಳೆದು, ರೂಟರನ್ನು ಅಲ್ಲಿಟ್ಟು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಹರಡುವ ಕೆಲಸ) ಹಾಕಿ.

ಆ ಮೋಡ್ ಇಲ್ಲದ ರೂಟರಾದರೆ ಕೇಬಲ್ ಜೋಡಿಸುವ ಮೊದಲೇ ಲ್ಯಾಪ್‌ಟಾಪ್‌ನಿಂದ ಅದರ ವಿಳಾಸ 192.168.1.2 ಮಾಡಿ, ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಒಎನ್‌ಟಿ 192.168.1.1ರಲ್ಲಿ ಇದ್ದರೆ ಈ ಲೆಕ್ಕ. ಕೇಬಲ್ ಹೋಗಬೇಕಾದ್ದು ಲ್ಯಾನ್ ಪೋರ್ಟ್‌ಗೆ, ವ್ಯಾನ್‌ಗೆ ಅಲ್ಲ. ಎಲ್ಲರೂ ತಪ್ಪುವುದು ಇಲ್ಲೇ: ವ್ಯಾನ್‌ಗೆ ಸಿಕ್ಕಿಸಿದಾಗ ಎರಡೂ ಪೆಟ್ಟಿಗೆ 192.168.1.1 ಆಗಿದ್ದರೆ ವೈಫೈ ಗುರುತು ತುಂಬಿರುತ್ತದೆ, ಒಂದು ಪುಟವೂ ತೆರೆಯುವುದಿಲ್ಲ.

ಜಂಬಿಟ್ಟಿಗೆ ಗೋಡೆಗೆ 5 ಗಿಗಾಹರ್ಟ್ಸ್ ಬೇಗ ಸೋಲುತ್ತದೆ. ಒಳಕೋಣೆಗಳಿಗೆ 2.4 ಇಟ್ಟುಕೊಳ್ಳಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್.

ಜಗಲಿಮನೆ, ಹೊಸನಗರ
ಸರಿ, ಬ್ರಿಜ್ ಬೇಡ. ಕೊಟ್ಟಿಗೆಗೂ ಕ್ಯಾಟ್ 6 ಎಳೆಯಲಾ? ಸುಮಾರು 40 ಮೀಟರ್. ಮತ್ತೆ, ನಿನ್ನೆ ಒಎನ್‌ಟಿ ಸ್ವಲ್ಪ ಸರಿಸಿದ್ದಕ್ಕೆ ಎಲ್‌ಒಎಸ್ ದೀಪ ಕೆಂಪಗೆ ಮಿನುಗುತ್ತಿದೆ.

ಕೊಡಚಾದ್ರಿ_ನೆಟ್
ದೂರಕ್ಕೇನೂ ತೊಂದರೆಯಿಲ್ಲ, 100 ಮೀಟರ್‌ವರೆಗೆ ನಡೆಯುತ್ತದೆ. ಹೆದರಬೇಕಾದ್ದು ಸಿಡಿಲಿಗೆ. ಅಂಗಳ ದಾಟುವ ತಾಮ್ರದ ತಂತಿ ಎರಡೂ ಕಡೆಯ ಪೋರ್ಟ್ ಸುಡಿಸುತ್ತದೆ. ಮಳೆಗಾಲದ ಮುಂಚಿನ ಗುಡುಗು ಗೊತ್ತಲ್ಲ. ಒಂದು ಜೋಡಿ ಮೀಡಿಯಾ ಕನ್ವರ್ಟರ್ (ಈಥರ್ನೆಟ್ಟನ್ನು ಬೆಳಕಾಗಿ, ಬೆಳಕನ್ನು ಈಥರ್ನೆಟ್ ಆಗಿ ಮಾಡುವ ಪೆಟ್ಟಿಗೆ) ತಂದು ನಡುವೆ ಫೈಬರ್ ಎಳೆಯಿರಿ. ಕೇಬಲ್ ಜೊತೆ ಬರುವ ಉಕ್ಕಿನ ತಂತಿಯನ್ನು ಹೊರಗಿನ ಕೊಕ್ಕೆಯಲ್ಲೇ ಕತ್ತರಿಸಿ, ಗೋಡೆಯೊಳಗೆ ತರಬೇಡಿ. ಗುಡುಗು ಶುರುವಾದರೆ ಅಡಾಪ್ಟರ್ ಕಿತ್ತಿಡಿ. ಕರೆಂಟ್ ತಂತಿಯಲ್ಲಿ ಬರುವುದನ್ನು ಫೈಬರ್ ತಡೆಯುವುದಿಲ್ಲ.

ತುಂಗಾತೀರ
ಎಲ್‌ಒಎಸ್ ಅಂದರೆ ಬೆಳಕು ಬರುತ್ತಿಲ್ಲ. ಹಸಿರು ಕನೆಕ್ಟರ್ ಟಕ್ ಅಂತ ಕೂತಿದೆಯಾ ನೋಡಿ. ತಂತಿ ಎಲ್ಲೂ ಮುರಿದಂತೆ ಮಡಚಿರಬಾರದು, ಸುತ್ತು ಕನಿಷ್ಠ 6 ಸೆಂಟಿಮೀಟರ್ ಅಗಲ ಇರಲಿ. ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಕಣ್ಣಿಗಂತೂ ಹಿಡಿಯಲೇಬೇಡಿ. ದೀಪ ಆರಿದ ಮೇಲೆ ಒಎನ್‌ಟಿ ಸೆಟ್ಟಿಂಗಿನ ಆಪ್ಟಿಕಲ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಬಂದು ಮುಟ್ಟುವ ಬೆಳಕಿನ ಬಲ) ನೋಡಿ: ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಚೆನ್ನಾಗಿದೆ. ಮೈನಸ್ 27ಕ್ಕಿಂತ ಕೆಳಗಿದ್ದರೆ (ಮೈನಸ್ 28, 29 ಹೀಗೆ) ಲೈನ್‌ಮನ್ ಕರೆಸಿ ಜಾಯಿಂಟ್ ಹೊಸದಾಗಿ ಹಾಕಿಸಿ.