ಸತ್ತ ನಕ್ಷತ್ರ ಯಾಕೆ ಕುಸಿಯೋದಿಲ್ಲ?

ಮಡಿಕೇರಿ ಹುಡುಗ: ನಿನ್ನೆ ರಾತ್ರಿ ಕಾಫಿ ಕಣದಲ್ಲಿ ನಿಂತು ಲುಬ್ಧಕ (ಸಿರಿಯಸ್) ನಕ್ಷತ್ರ ನೋಡಿದೆ. ಅದರ ಜೊತೆಗಿರುವ ಶ್ವೇತಕುಬ್ಜ, ಅಂದರೆ ಸತ್ತ ನಕ್ಷತ್ರದ ಉಳಿಕೆ, ಭೂಮಿಯಷ್ಟೇ ದೊಡ್ಡದು, ತೂಕ ಮಾತ್ರ ಸೂರ್ಯನಷ್ಟು. ಒಳಗಿನ ಉರಿ ಆರಿದ ಮೇಲೂ ಅದು ಯಾಕೆ ಕುಸಿಯಲ್ಲ? ಇನ್ನೊಂದು, ಎಂಎಸ್ಸಿಗೆ ಘನವಸ್ತು ಭೌತಶಾಸ್ತ್ರ ತಗೊಳ್ಳಲೋ ಖಗೋಳವೋ?

ವಿರಾಜಪೇಟೆ ಮೇಷ್ಟ್ರು: ಎಲೆಕ್ಟ್ರಾನ್‌ಗಳು ತಡೆಯುತ್ತವಪ್ಪಾ. ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರೋಕಾಗಲ್ಲ, ಅದಕ್ಕೇ ಒತ್ತಿದಷ್ಟೂ ತಿರುಗಿ ತಳ್ಳುತ್ತವೆ, ನಿಮ್ಮನೆ ತಾಮ್ರದ ತಂತಿಯೊಳಗೂ ಇದೇ ನಿಯಮ ಅಲ್ವಾ. ನಕ್ಷತ್ರದ ತೂಕ ಸೂರ್ಯನ ಸುಮಾರು 1.4 ಪಟ್ಟು ದಾಟಿದರೆ ಅವೂ ಸೋಲುತ್ತವೆ. ಭೌತವಿಜ್ಞಾನಿ ಎಸ್. ಚಂದ್ರಶೇಖರ್ 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಈ ಲೆಕ್ಕ ಶುರು ಮಾಡಿದಾಗ ಅವರಿಗೆ 19 ವರ್ಷ!

ಕುಶಾಲನಗರದಿಂದ: ತಣ್ಣಗಾಗುತ್ತಾ ಒಳಗಿನ ಕಾರ್ಬನ್, ಆಕ್ಸಿಜನ್ ನಡುವಿನಿಂದಲೇ ಗಟ್ಟಿಯಾಗುತ್ತವೆ, ಶೀಶೆಯಲ್ಲಿ ಜೇನು ಹರಳುಗಟ್ಟುವ ಹಾಗೆ. ಆಗ ಶಾಖ ಬಿಡುಗಡೆಯಾಗಿ ತಣಿಯೋದು ನಿಧಾನವಾಗುತ್ತದೆ. ಗಾಯಾ ಅನ್ನೋ ಬಾಹ್ಯಾಕಾಶ ದೂರದರ್ಶಕದ ಮಾಹಿತಿಯಲ್ಲಿ ಇದರ ಗುರುತು ಸಿಕ್ಕಿದ್ದು 2019ರಲ್ಲಿ ಪ್ರಕಟವಾಯಿತು. ಘನವಸ್ತುವೇ ತಗೊಳ್ಳಿ, ಅದೇ ದಾರಿ ನಕ್ಷತ್ರಕ್ಕೂ ಹೋಗುತ್ತದೆ.