‘ಬೆನ್’ ಎಂದರೆ ಯಾವಾಗಲೂ ‘ಮಗ’ನೇ?

ಗೆಳೆಯರೇ, ಹೀಬ್ರೂ ಬೈಬಲ್ಲಿನ ವಂಶಾವಳಿಗಳಲ್ಲಿ ಬರುವ ‘ಬೆನ್’ ಎಂಬ ಪದಕ್ಕೆ ಎಲ್ಲ ಕಡೆಯೂ ‘ಮಗ’ ಎಂದೇ ಬರೆದರೆ ಸರಿಹೋಗುತ್ತದೆಯೇ? ನಮ್ಮ ಓದುಕೂಟಕ್ಕೆ ಟಿಪ್ಪಣಿ ಬರೆಯುತ್ತಿದ್ದೇನೆ. ಈ ಒಂದು ಪದ ಬಗೆಹರಿಯದೆ ತಲೆಮಾರುಗಳ ಲೆಕ್ಕವೇ ಕೂಡುತ್ತಿಲ್ಲ.

ಯಾಜಕ ಎಜ್ರನನ್ನೇ ನೋಡಿ. ಅವನ ಹೆಸರಿನ ಪುಸ್ತಕದ 7ನೆಯ ಅಧ್ಯಾಯ ಅವನನ್ನು ಸೆರಾಯನ ‘ಬೆನ್’ ಎನ್ನುತ್ತದೆ. ಮಹಾಯಾಜಕ ಸೆರಾಯನನ್ನು ಬಾಬೆಲಿನವರು ರಿಬ್ಲಕ್ಕೆ ಒಯ್ದು ಕೊಂದದ್ದು ಕ್ರಿ.ಪೂ. 586ರ ಸುಮಾರಿಗೆ. ಎಜ್ರ ಜೆರುಸಲೇಮಿಗೆ ಬಂದದ್ದು, ಹೆಚ್ಚಿನವರು ಒಪ್ಪುವ ಲೆಕ್ಕದಂತೆ, ಕ್ರಿ.ಪೂ. 458ರಲ್ಲಿ. ನಡುವೆ ನೂರಿಪ್ಪತ್ತು ವರ್ಷಕ್ಕೂ ಜಾಸ್ತಿ ಅಂತರ. ಹೆತ್ತ ಮಗ ಆಗಿರಲಾರ, ಅಲ್ವಾ?

ಆ ಅಧ್ಯಾಯ ಎಜ್ರನಿಂದ ಆರೋನನವರೆಗೆ ಅವನ ಹಿರಿಯರ ಪಟ್ಟಿ ಕೊಡುತ್ತದೆ. ಅದನ್ನು ಇದೇ ಯಾಜಕ ವಂಶದ ಉದ್ದದ ಪಟ್ಟಿ ಇರುವ 1 ಪೂರ್ವಕಾಲವೃತ್ತಾಂತ 6ರ ಪಕ್ಕದಲ್ಲಿಟ್ಟು ಓದಿ. ಅಲ್ಲಿ ಮೆರಾಯೋತನ ನಂತರ ಅಮರ್ಯ, ಅಹೀಟೂಬ್, ಚಾದೋಕ್, ಅಹೀಮಾಚ್, ಅಜರ್ಯ, ಯೋಹಾನಾನ್ ಬರುತ್ತಾರೆ. ಆಮೇಲೆ ಇನ್ನೊಬ್ಬ ಅಜರ್ಯ. ಎಜ್ರನ ಪಟ್ಟಿಯಲ್ಲಿ ಮೆರಾಯೋತನಿಂದ ನೇರ ಈ ಎರಡನೆಯ ಅಜರ್ಯನಿಗೆ ಬರುತ್ತೇವೆ. ಆರು ಹೆಸರು ಇಲ್ಲ. ಅಮರ್ಯ, ಅಹೀಟೂಬ್, ಚಾದೋಕ್ ಎಂಬ ಮೂರು ಹೆಸರು ಉದ್ದದ ಪಟ್ಟಿಯಲ್ಲಿ ಎರಡು ಸಲ ಬರುತ್ತವೆ. ಹಾಗಾಗಿ ನಕಲು ಮಾಡುವವರ ಕಣ್ಣು ಜಾರಿರಬಹುದು ಎನ್ನುವವರಿದ್ದಾರೆ. ಇದ್ದರೂ ಇರಬಹುದು. ನನಗೇನೋ ಬೇಕೆಂದೇ ಮೊಟಕು ಮಾಡಿದ ಹಾಗೆ ಕಾಣುತ್ತದೆ. ಎಜ್ರ ಮೊದಲ ಮಹಾಯಾಜಕ ಆರೋನನ ಮನೆತನದ ಯಾಜಕ ಎಂದು ತೋರಿಸಬೇಕಿತ್ತು, ಅಷ್ಟೇ. ಅದಕ್ಕೆ ಪ್ರತಿಯೊಬ್ಬರ ಹೆಸರೂ ಬೇಕಿಲ್ಲ. ‘ಬೆನ್’ ಎಂಬ ಪದ ಅದಕ್ಕೆ ಜಾಗ ಕೊಡುತ್ತದೆ.

ಇದು ಬರೀ ನನ್ನ ಊಹೆಯಲ್ಲ. ಆದಿಕಾಂಡ 29ರಲ್ಲಿ ಯಾಕೋಬ ಬಾವಿಯ ಹತ್ತಿರ ಕುರುಬರನ್ನು ಮಾತಾಡಿಸಿ, ನಾಹೋರನ ‘ಬೆನ್’ ಲಾಬಾನ ಗೊತ್ತೇ ಎಂದು ಕೇಳುತ್ತಾನೆ. ಲಾಬಾನನ ತಂದೆ ಬೆತೂವೇಲ. ನಾಹೋರ ಅಜ್ಜ. ಆದರೂ ಕುರುಬರು ‘ಗೊತ್ತು’ ಎನ್ನುತ್ತಾರೆ, ಯಾರೂ ತಿದ್ದುವುದಿಲ್ಲ. ಇಸ್ರಾಯೇಲಿನ ಅರಸನಾದ ಯೇಹುವೂ ಹಾಗೇ. 2 ಅರಸುಗಳು 9ರ ಶುರುವಿನಲ್ಲಿ ಅವನು ನಿಂಷಿಯ ಮೊಮ್ಮಗ, ಯೆಹೋಷಾಫಾಟನ ಮಗ. ಅದೇ ಅಧ್ಯಾಯದ 20ನೆಯ ವಚನಕ್ಕೆ ಬರುವಷ್ಟರಲ್ಲಿ ಸುಮ್ನೆ ನಿಂಷಿಯ ‘ಬೆನ್’.

‘ಬೆನ್’ ಇನ್ನೂ ದೂರ ಹೋಗುತ್ತದೆ. ನೋಹನಿಗೆ 500 ವರ್ಷ ಎನ್ನಲು ಹೀಬ್ರೂನಲ್ಲಿ ಅವನು ಐನೂರು ವರ್ಷದ ‘ಬೆನ್’ ಎನ್ನುತ್ತಾರೆ. ಪ್ರವಾದಿಗಳ ‘ಬೆನ್’ಗಳು ಎಂದರೆ ಪ್ರವಾದಿಗಳ ಗುಂಪಿನವರು, ಶಿಷ್ಯರು.

ನಮ್ಮಲ್ಲೂ ‘ಆಳುಮಗ’, ‘ಒಕ್ಕಲುಮಗ’ ಎನ್ನುವಾಗ ಯಾರು ಹೆತ್ತರು ಎಂಬ ಮಾತಿಲ್ಲ. ಆದರೆ ಒಬ್ಬರ ಹೆಸರು ಹೇಳಿ ‘ಇಂಥವರ ಮಗ’ ಎಂದ ಕೂಡಲೇ ಕನ್ನಡದ ಕಿವಿಗೆ ಕೇಳುವುದು ಅಪ್ಪ ಮಾತ್ರ. ‘ವಂಶಜ’ ಎಂದರೆ ಅರ್ಥ ಸರಿ, ಆದರೆ ಯಾಕೋಬ ಬಾವಿಕಟ್ಟೆಯಲ್ಲಿ ಆಡುವ ಮಾತಲ್ಲ ಅದು. ‘ಕುಲದವ’ ಎಂದರೆ ಜಾತಿಯ ಕಡೆ ಎಳೆಯುತ್ತದೆ. ‘ಪಟೇಲರ ಮನೆ ಹುಡುಗ’ ಎನ್ನುತ್ತೇವಲ್ಲ, ಅದರಲ್ಲಿ ಮಗನೂ ಸೇರುತ್ತಾನೆ, ಮೊಮ್ಮಗನೂ ಸೇರುತ್ತಾನೆ. ಲಾಬಾನನಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಶಾಸ್ತ್ರ ಬಲ್ಲ ಎಜ್ರನನ್ನು ‘ಹುಡುಗ’ ಎನ್ನುವುದು ಹೇಗೆ? ಸದ್ಯಕ್ಕೆ ‘ಸೆರಾಯನ ಮನೆತನದ ಎಜ್ರ’ ಎಂದು ಬರೆದಿಟ್ಟಿದ್ದೇನೆ.

ನನ್ನ ಪ್ರಶ್ನೆ ಎರಡು. ಅಪ್ಪನ ಹೆಸರು ಬಿಟ್ಟು ಅಜ್ಜನ ಹೆಸರಿನ ಜೊತೆಗೇ ‘ಮಗ’ ಎಂದು ಹೇಳುವ ರೂಢಿ ನಿಮ್ಮ ಕಡೆ ಇದೆಯೇ? ಶಾಸನಗಳಲ್ಲಿ ಹೀಗೆ ತಲೆಮಾರು ದಾಟಿದ ‘ಮಗ’ನನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ಆ ಸಾಲನ್ನು ಇಲ್ಲಿ ಹಾಕುತ್ತೀರಾ?