ಅರಿವಳಿಕೆಗೆ ಮುಂಚೆ ಇಷ್ಟೊಂದು ಗುಳಿಗೆ ಯಾಕೆ?

ಪ್ರಶ್ನೆ (ಜಮಖಂಡಿ):
ನಾಳಿದ್ದು ಬಾಗಲಕೋಟೆಯಲ್ಲಿ ಅವ್ವನ ಪಿತ್ತಕೋಶದ ಕಲ್ಲಿನ ಆಪರೇಷನ್. ಹಿಂದಿನ ರಾತ್ರಿಗೆ ಅಲ್ಪ್ರಾಜೋಲಮ್, ಪ್ಯಾಂಟೊಪ್ರಜೋಲ್ ಬರೆದಿದ್ದಾರೆ. ಬೆಳಿಗ್ಗೆ ಬಿಪಿ ಗುಳಿಗೆ ಅಮ್ಲೊಡಿಪಿನ್ ಕೊಡಿ, ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಬೇಡ ಅಂದರು. ಹೊಟ್ಟೆ ಖಾಲಿ ಇರಬೇಕು ಅಂತಾರೆ, ಮತ್ತೆ ಗುಳಿಗೆ ಯಾಕೆ? ಅವ್ವ ಚಹಾ ಇಲ್ಲದೆ ಏಳೋದೇ ಇಲ್ಲ.

ಉತ್ತರ (ವಿಜಯಪುರ, ಓಟಿ ಅಂದರೆ ಆಪರೇಷನ್ ಥಿಯೇಟರ್ ನರ್ಸ್):
ಅಕ್ಕಾ, ಒಂದೊಂದಕ್ಕೂ ಒಂದೊಂದು ಕೆಲಸ ಇದೆ. ಅಲ್ಪ್ರಾಜೋಲಮ್ ಭಯ ಕಡಿಮೆ ಮಾಡಿ ನಿದ್ದೆ ಬರಿಸುತ್ತದೆ. ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲ ಕಡಿಮೆ ಮಾಡುತ್ತದೆ. ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಅಪಾಯ, ಅಲ್ವಾ? ಅಮ್ಲೊಡಿಪಿನ್ ಒಂದೇ ಗುಟುಕು ನೀರಿನಲ್ಲಿ ಕೊಡಿ, ಅದರಿಂದ ಏನೂ ಆಗಲ್ಲ. ಉಪವಾಸದಲ್ಲಿ ಶುಗರ್ ಗುಳಿಗೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ.
ಹಾಲು ಹಾಕಿದ ಚಹಾ ಊಟದ ಲೆಕ್ಕ, 6 ಗಂಟೆ ಅಂತರ ಬೇಕು. ಬರೀ ನೀರಿಗೆ 2 ಗಂಟೆ ಸಾಕು. ಆದರೂ ನಿಮ್ಮ ಡಾಕ್ಟರ್ ಹೇಳಿದ ಟೈಮೇ ಕೊನೆ ಮಾತು.

ಉತ್ತರ (ಗೋಕಾಕ):
ನಮ್ಮ ಮಾವನಿಗೆ ಟೇಬಲ್ ಮೇಲೆ ಇನ್ನೊಂದು ಇಂಜೆಕ್ಷನ್ ಕೊಟ್ಟಿದ್ದರು. ಎಚ್ಚರ ಆದಮೇಲೆ ಬಾಯಿ ಒಣಗಿ ನಾಲಿಗೆ ಅಂಟ್ತಿತ್ತು.

ಉತ್ತರ (ಓಟಿ ನರ್ಸ್):
ಅದು ಗ್ಲೈಕೋಪೈರೋಲೇಟ್ ಇರಬೇಕು. ಜೊಲ್ಲು ಕಡಿಮೆ ಮಾಡುತ್ತದೆ. ವಾಂತಿ ತಡೆಯಲು ಒಂಡಾನ್ಸೆಟ್ರಾನ್ ಕೂಡ ಕೊಡ್ತೇವೆ.
ಅಕ್ಕಾ, ಎಲ್ಲ ಬಿಪಿ ಗುಳಿಗೆಗೂ ಒಂದೇ ನಿಯಮ ಅಲ್ಲ. ಕೆಲವನ್ನು ಆ ದಿನ ನಿಲ್ಲಿಸುತ್ತಾರೆ. ಗುಳಿಗೆಗಳನ್ನು ಸ್ಟ್ರಿಪ್ ಸಮೇತ ತನ್ನಿ. "ಸಣ್ಣ ಬಿಳೇ ಗುಳಿಗೆ" ಅಂದರೆ ನಮಗೆ ಏನು ತಿಳೀಬೇಕು!